ರೆಕ್ಕೆ ಎಲ್ಲಿಯವರೆಗೆ, ಕಾಲ್ನಡೆ ಎಲ್ಲಿಂದ?

ವಿಮಾನವೆಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವುದು ಗಾಜಿನ ಗೋಡೆಗಳ ವಿಶಾಲವಾದ ನಿಲ್ದಾಣ, ಪ್ರಯಾಣಿಕರ ಉದ್ದನೆಯ ಸಾಲು, ಒಮ್ಮೆಗೇ ನೂರೈವತ್ತು ಇನ್ನೂರು ಜನರನ್ನು ಹೊತ್ತು ಮುಗಿಲಿಗೇರುವ ಲೋಹದ ಹಕ್ಕಿ. ಆದರೆ ವಿಮಾನಕ್ಕೆ ಇನ್ನೊಂದು ಬಾಳೂ ಉಂಟು. ಎರಡು ಅಥವಾ ನಾಲ್ಕು ಆಸನಗಳ ಪುಟ್ಟ ವಿಮಾನವೊಂದರ ಹಿಂಬದಿಯಲ್ಲಿ ಗುಡಾರ, ಕಂಬಳಿ, ಸಣ್ಣದೊಂದು ಒಲೆ, ಮೂರು ದಿನಗಳಿಗಾಗುವಷ್ಟು ಆಹಾರ ತುಂಬಿಕೊಂಡು, ರಸ್ತೆಯೇ ಇಲ್ಲದ ಕಣಿವೆಯ ಹುಲ್ಲುಗಾವಲಿನಲ್ಲಿ ಇಳಿಯುವುದು. ರೆಕ್ಕೆಯ ನೆರಳಿನಲ್ಲಿಯೇ ಗುಡಾರ ಹೂಡುವುದು. ಮರುದಿನ ನಸುಕಿನಲ್ಲಿ ಬೆಟ್ಟ ಹತ್ತಲು ಕಾಲ್ನಡೆಯಿಂದ ಹೊರಡುವುದು. ಅಮೆರಿಕದ ಪರ್ವತಪ್ರಾಂತಗಳಲ್ಲಿ ಈ ಹವ್ಯಾಸಕ್ಕೆ ದೀರ್ಘವಾದ ಪರಂಪರೆಯೇ ಇದೆ.

ಗೋವೆಯಲ್ಲಿ ನೆಲಸಿದ ನಮ್ಮಂಥ ಗಡಿನಾಡಿನ ಕನ್ನಡಿಗರಿಗೆ ಈ ವಿಷಯ ದೂರದ್ದೆಂದು ತೋರಬಹುದು. ಆದರೆ ಗೋವೆಯ ಪಡುವಣಕ್ಕೆ ಕಡಲು, ಮೂಡಣಕ್ಕೆ ಸಹ್ಯಾದ್ರಿಯ ದಟ್ಟ ಅಡವಿ. ಈ ಪುಟ್ಟ ರಾಜ್ಯದಲ್ಲಿ ಇಂದು ಎರಡು ವಿಮಾನ ನಿಲ್ದಾಣಗಳಿವೆ. ವಿಮಾನವೂ ಉಂಟು, ಅಡವಿಯೂ ಉಂಟು. ಹಾಗಿರುವಾಗ ಇವೆರಡನ್ನೂ ಜೋಡಿಸಬಹುದಲ್ಲವೇ ಎಂಬ ಆಸೆ ತರುಣರ ಮನಸ್ಸಿನಲ್ಲಿ ಮೂಡುವುದು ಸಹಜ. ಅಂಥದು ಇಲ್ಲಿ ಸಾಧ್ಯವೇ? ಸಾಧ್ಯವಾದರೆ ಸಾಧುವೇ? ಈ ಎರಡು ಪ್ರಶ್ನೆಗಳನ್ನು ಓದುಗರೊಡನೆ ಕುಳಿತು ವಿಚಾರ ಮಾಡಬೇಕೆಂಬುದೇ ಈ ಲೇಖನದ ಉದ್ದೇಶ. ಇದು ಬರಿಯ ಸಿರಿವಂತರ ವಿನೋದದ ಮಾತಲ್ಲ. ಗುಡ್ಡದ ಮೇಲಿನ ಬಯಲು, ಅದರ ಬುಡದ ಒರತೆ, ಒರತೆಯನ್ನು ನಂಬಿದ ತೋಟ, ತೋಟವನ್ನು ನಂಬಿದ ಮನೆ, ಇವೆಲ್ಲ ಇದರಲ್ಲಿ ಅಡಗಿವೆ.

ಬಟ್ಟೆಯ ರೆಕ್ಕೆಗಳ ಕಾಲ

ನಮ್ಮ ದೇಶದ ನಾಗರಿಕ ವಿಮಾನಯಾನ ಹುಟ್ಟಿದ್ದೇ ಪುಟ್ಟ ವಿಮಾನ ಮತ್ತು ಮಣ್ಣಿನ ಬಯಲುಗಳಿಂದ. 1932ರ ಅಕ್ಟೋಬರ್ 15ರಂದು ಜೆ. ಆರ್. ಡಿ. ಟಾಟಾ ಅವರು ಒಂದೇ ಎಂಜಿನ್ನಿನ ಪುಸ್ ಮಾತ್ ವಿಮಾನದಲ್ಲಿ ಅಂಚೆಯ ಚೀಲಗಳನ್ನಿಟ್ಟುಕೊಂಡು ಕರಾಚಿಯಿಂದ ಹೊರಟು, ಅಹಮದಾಬಾದಿನಲ್ಲಿ ಇಂಧನ ತುಂಬಿಸಿಕೊಂಡು ಮುಂಬಯಿಯ ಜುಹುವಿನಲ್ಲಿ ಇಳಿದರು. ಅಲ್ಲಿಂದ ಮುಂದಕ್ಕೆ ಅವರ ಜೊತೆಗಾರ ನೆವಿಲ್ ವಿನ್ಸೆಂಟ್ ಅಂಚೆಯನ್ನು ನಮ್ಮ ಬಳ್ಳಾರಿಯ ಮಾರ್ಗವಾಗಿ ಮದರಾಸಿಗೆ ಒಯ್ದರು. ಅಹಮದಾಬಾದಿನಲ್ಲಿ ವಿಮಾನಕ್ಕೆ ಬೇಕಾದ ಪೆಟ್ರೋಲಿನ ಡಬ್ಬಿಗಳು ಬಂದದ್ದು ಎತ್ತಿನ ಗಾಡಿಯಲ್ಲಿ! ಜುಹುವಿನ ನೆಲವಾದರೋ ಸಮುದ್ರದಂಚಿನ ಕೆಸರುಬಯಲು. ಮಳೆಗಾಲದಲ್ಲಿ ಅದು ನೀರಿನಲ್ಲಿ ಮುಳುಗುತ್ತಿದ್ದುದರಿಂದ ಆ ತಿಂಗಳುಗಳಲ್ಲಿ ವಿಮಾನಗಳನ್ನು ಪುಣೆಗೆ ಸಾಗಿಸಬೇಕಾಗುತ್ತಿತ್ತು. ಈ ಸಂಗತಿಯನ್ನು ಓದುಗರು ನೆನಪಿನಲ್ಲಿಡಬೇಕು. ಮುಂದೆ ನಮ್ಮ ವಿಚಾರಕ್ಕೆ ಇದು ಬೇಕಾಗುತ್ತದೆ.

ಮೂರು ವರ್ಷಗಳ ತರುವಾಯ, 1935ರ ಅಕ್ಟೋಬರಿನಲ್ಲಿ, ಇದೇ ಟಾಟಾ ಸಂಸ್ಥೆ ಮುಂಬಯಿಯಿಂದ ತಿರುವನಂತಪುರಕ್ಕೆ ವಿಮಾನ ಸಂಚಾರ ಆರಂಭಿಸಿತು. ನಡುವಣ ತಂಗುದಾಣಗಳು ಗೋವೆ ಮತ್ತು ಕಣ್ಣೂರು. ಆ ವಿಮಾನದ ಹೆಸರು ಫಾಕ್ಸ್ ಮಾತ್. ಮರದ ಚೌಕಟ್ಟು, ಒಂದರ ಮೇಲೊಂದರಂತೆ ಎರಡು ಜೊತೆ ರೆಕ್ಕೆ, ರೆಕ್ಕೆಗೆ ಬಿಗಿದ ಬಟ್ಟೆಯ ಹೊದಿಕೆ. ಮೂರು ನಾಲ್ಕು ಮಂದಿ ಪ್ರಯಾಣಿಕರು ಮುಂದಿನ ಮುಚ್ಚಿದ ಕೋಣೆಯಲ್ಲಿ ಕುಳಿತರೆ, ಪೈಲಟ್ ಅವರ ಹಿಂದೆ ತೆರೆದ ಗೂಡಿನಲ್ಲಿ ಗಾಳಿಗೆ ಮುಖವೊಡ್ಡಿ ಕುಳಿತಿರುತ್ತಿದ್ದ. ಕಾಸರಗೋಡಿನಿಂದ ಕಾರವಾರದವರೆಗಿನ ಕರಾವಳಿಯ ಮೇಲೆ ಹಾರಿದ ಆ ವಿಮಾನ, ಇಂದು ಅಮೆರಿಕದ ಕಣಿವೆಗಳಲ್ಲಿ ಇಳಿಯುವ ವಿಮಾನಗಳ ಅಣ್ಣನೇ ಸರಿ. ಕಾಂಕ್ರೀಟಿನ ಉದ್ದನೆಯ ರನ್‌ವೇ ಅದಕ್ಕೆ ಬೇಕಾಗಿರಲಿಲ್ಲ.

ಬಾಗಿಲು ಮುಚ್ಚಿದಾಗ

ಗೋವೆಗೆ ಸ್ವಂತದ ದೊಡ್ಡ ವಿಮಾನ ನಿಲ್ದಾಣ ದೊರೆತ ಕಥೆ ಬೇರೆಯೇ. ದೇಶ ಸ್ವತಂತ್ರವಾದ ಮೇಲೂ ಗೋವೆ, ದಮನ್, ದೀವ್‌ಗಳು ಪೋರ್ಚುಗೀಸರ ವಶದಲ್ಲಿಯೇ ಉಳಿದವು. 1955ರ ಆಗಸ್ಟ್ 15ರಂದು ಗೋವೆಯ ಗಡಿಯನ್ನು ದಾಟಿದ ನಿರಾಯುಧ ಸತ್ಯಾಗ್ರಹಿಗಳ ಮೇಲೆ ಗುಂಡು ಹಾರಿತು. ಅದೇ ವರ್ಷ ಭಾರತ ಸರಕಾರ ಗಡಿಯನ್ನು ಮುಚ್ಚಿತು. ಮುರಗಾಂವಿನಿಂದ ಕ್ಯಾಸಲ್‌ರಾಕ್ ಮಾರ್ಗವಾಗಿ ಘಟ್ಟವೇರಿ ಬರುತ್ತಿದ್ದ ರೈಲು ನಿಂತುಹೋಯಿತು. ಗಡಿಯ ಆಚೆ ಈಚೆ ಹಂಚಿಹೋದ ಕುಟುಂಬಗಳಿಗೆ ಅದೆಂಥ ಕಾಲವಾಗಿತ್ತೆಂಬುದನ್ನು ಹಿರಿಯರಿಂದ ಕೇಳಿ ತಿಳಿದವರು ನಮ್ಮಲ್ಲಿ ಈಗಲೂ ಇದ್ದಾರೆ.

ನೆಲದ ಬಾಗಿಲು ಮುಚ್ಚಿದಾಗ ಪೋರ್ಚುಗೀಸರು ಆಕಾಶದ ಬಾಗಿಲು ತೆರೆಯಲು ಹೊರಟರು. ಮುರಗಾಂವಿನ ಬಳಿಯ ದಾಬೋಳಿಯ ಎತ್ತರದ ಬಯಲಿನಲ್ಲಿ ನಿಲ್ದಾಣ ಸಿದ್ಧವಾಯಿತು. ದಮನ್ ಮತ್ತು ದೀವ್‌ಗಳಲ್ಲಿಯೂ ವಿಮಾನಗಳು ಇಳಿಯತೊಡಗಿದವು. 1955ರಲ್ಲಿಯೇ ಇದಕ್ಕೆಂದು ಒಂದು ವಿಮಾನ ಸಂಸ್ಥೆಯೂ ಸ್ಥಾಪಿತವಾಯಿತು. ಅದು ಮೊದಲು ಬಳಸಿದ್ದು ಹೆರಾನ್ ಎಂಬ ಸಣ್ಣ ವಿಮಾನಗಳನ್ನು. ನಾಲ್ಕು ಎಂಜಿನ್‌ಗಳಿದ್ದರೂ ಅದರಲ್ಲಿ ಕುಳಿತುಕೊಳ್ಳುವವರು ಹದಿನೈದು ಮಂದಿಯ ಆಸುಪಾಸು. ಗೋವೆ, ದಮನ್, ದೀವ್, ಕರಾಚಿ, ಇದು ಅದರ ಸಂಚಾರದ ದಾರಿ. ಸುತ್ತಲಿನ ನೆಲವೆಲ್ಲ ಪರದೇಶವಾಗಿದ್ದ ಆ ಮೂರು ತುಣುಕುಗಳನ್ನು ಒಂದಾಗಿ ಹೊಲಿದ ದಾರವೆಂದರೆ ಆ ಪುಟ್ಟ ವಿಮಾನವೇ. ದುರ್ಗಮವಾದ ಸ್ಥಳಕ್ಕೆ ಸಣ್ಣ ವಿಮಾನ ಎಷ್ಟು ದೊಡ್ಡ ಉಪಕಾರವೆಂಬುದಕ್ಕೆ, ಅದರ ಹಿಂದಿನ ರಾಜಕೀಯವನ್ನು ನಾವು ಒಪ್ಪದಿದ್ದರೂ, ಇದೊಂದು ನಿದರ್ಶನ.

1961ರ ಡಿಸೆಂಬರ್ 18ರಂದು ಭಾರತೀಯ ವಾಯುಪಡೆಯ ಕ್ಯಾನ್ಬೆರಾ ವಿಮಾನಗಳು ದಾಬೋಳಿಯ ರನ್‌ವೇ ಮೇಲೆ ಎರಡು ಬಾರಿ ಬಾಂಬುಗಳನ್ನು ಸುರಿದವು. ಬೆಳಗಾವಿಯ ಸಾಂಬ್ರಾದಿಂದ ಹೊರಟ ಹಂಟರ್ ವಿಮಾನಗಳು ಬಾಂಬೋಳಿಯ ನಿಸ್ತಂತು ಕೇಂದ್ರವನ್ನು ಕೆಡವಿದವು. ದಾಬೋಳಿಯ ನಿಲ್ದಾಣದಲ್ಲಿ ಆಗ ಎರಡು ದೊಡ್ಡ ಪ್ರಯಾಣಿಕ ವಿಮಾನಗಳು ನಿಂತಿದ್ದವು. ಆ ರಾತ್ರಿ ರನ್‌ವೇಯ ಹೊಂಡಗಳನ್ನು ತರಾತುರಿಯಿಂದ ಮುಚ್ಚಲಾಯಿತು. ಹಾರಲು ಯೋಗ್ಯವಾಗಿ ದೊರೆತ ನೆಲ ಸುಮಾರು 700 ಮೀಟರ್ ಮಾತ್ರ. ವಿಮಾನ ಹಗುರವಾಗಲೆಂದು ಹೆಚ್ಚಿನ ಆಸನಗಳನ್ನೂ ಬೇಡದ ಸಾಮಾನುಗಳನ್ನೂ ಕಿತ್ತು ಹೊರಗೆ ಹಾಕಿದರು. ಅಧಿಕಾರಿಗಳ ಕುಟುಂಬದವರನ್ನು ಹೊತ್ತ ಎರಡೂ ವಿಮಾನಗಳು ಕತ್ತಲಲ್ಲಿ ಒಂದರ ಹಿಂದೊಂದು ಮೇಲೇರಿ, ಸಮುದ್ರದ ಮೇಲೆ ಅತಿ ಕೆಳಮಟ್ಟದಲ್ಲಿ ಹಾರಿ ಕರಾಚಿ ಸೇರಿದವು. ಮುಂದೆ ಹಾರಿದ ವಿಮಾನದ ಒಂದು ಚಕ್ರದ ಗಾಳಿ ಹೋಗಿತ್ತು. ರನ್‌ವೇಯ ಕಲ್ಲಿನ ಚೂರುಗಳು ಬಡಿದು ಅದರ ಒಡಲಲ್ಲಿ ತೂತುಗಳಾಗಿದ್ದವು. ಮರುದಿನ, 19ರಂದು, ಪೋರ್ಚುಗೀಸ್ ಆಳ್ವಿಕೆ ಮುಗಿಯಿತು. ದಾಬೋಳಿಯನ್ನು 1962ರಲ್ಲಿ ನೌಕಾಪಡೆ ವಹಿಸಿಕೊಂಡಿತು. ನಾಗರಿಕ ವಿಮಾನಗಳು ಅದೇ ನಿಲ್ದಾಣವನ್ನು ನೌಕಾಪಡೆಯೊಡನೆ ಹಂಚಿಕೊಂಡು ಬಳಸುತ್ತ ಬಂದಿವೆ.

ತುಂಡು ನೆಲದಿಂದ ಮೇಲೇರುವುದಕ್ಕೆ ಬೇಕಾದದ್ದೇನೆಂಬುದನ್ನು ಆ ರಾತ್ರಿಯ ಘಟನೆ ಸ್ಪಷ್ಟವಾಗಿ ಹೇಳುತ್ತದೆ. ಭಾರ ಕಡಿಮೆಯಿರಬೇಕು, ಲೆಕ್ಕ ಕರಾರುವಾಕ್ಕಾಗಿರಬೇಕು, ಎರಡನೆಯ ಅವಕಾಶ ಸಿಗುವುದಿಲ್ಲವೆಂಬ ಅರಿವಿರಬೇಕು. ಅಂದು ಆಪತ್ತಿನಲ್ಲಿ ಮಾಡಿದ್ದನ್ನು ಹವ್ಯಾಸವಾಗಿ, ಆದರೆ ಅಷ್ಟೇ ಶಿಸ್ತಿನಿಂದ ಮಾಡುವವರ ನಾಡಿಗೆ ಈಗ ಹೋಗೋಣ.

ಹುಲ್ಲಿನ ಮೇಲೆ ಇಳಿಯುವವರು

ಅಮೆರಿಕ ಸಂಯುಕ್ತ ಸಂಸ್ಥಾನದ ವಾಯವ್ಯ ಭಾಗದಲ್ಲಿ ಐಡಹೊ ಎಂಬ ರಾಜ್ಯವಿದೆ. ಅದರ ನಡುವೆ ಫ್ರಾಂಕ್ ಚರ್ಚ್ ಎಂಬ ಸೆನೆಟರರ ಹೆಸರಿನ ಸಂರಕ್ಷಿತ ಅಡವಿ. ಇದರ ವಿಸ್ತೀರ್ಣ 9,000 ಚದರ ಕಿಲೋಮೀಟರಿಗೂ ಹೆಚ್ಚು. ನಮ್ಮ ಗೋವಾ ರಾಜ್ಯವೆಲ್ಲ ಸೇರಿ 3,702 ಚದರ ಕಿಲೋಮೀಟರ್. ಅಂದರೆ ಎರಡು ಗೋವೆಗಳನ್ನು ಒಳಗಿಟ್ಟರೂ ಸ್ಥಳ ಮಿಗುವ ಅಡವಿ ಅದು. ಅದರೊಳಗೆ ಹೊಸ ರಸ್ತೆ ಕಡಿಯುವಂತಿಲ್ಲ, ಮೋಟಾರು ವಾಹನ ಓಡಿಸುವಂತಿಲ್ಲ. ಆದರೆ ಬೇಟೆಗಾರರು, ಗಣಿ ಕೆಲಸದವರು, ಅರಣ್ಯ ಕಾವಲುಗಾರರು ಬಹು ಹಿಂದೆಯೇ ಮಾಡಿಕೊಂಡಿದ್ದ ಪುಟ್ಟ ಏರ್‌ಸ್ಟ್ರಿಪ್‌ಗಳು ಅಲ್ಲಿ ಉಳಿದಿದ್ದವು. 1980ರಲ್ಲಿ ಅಡವಿಗೆ ರಕ್ಷಣೆ ನೀಡಿದ ಕಾನೂನು, ಆವರೆಗೆ ಬಳಕೆಯಲ್ಲಿದ್ದ ಆ ಏರ್‌ಸ್ಟ್ರಿಪ್‌ಗಳಲ್ಲಿ ವಿಮಾನ ಇಳಿಯುವುದಕ್ಕೆ ಅವಕಾಶವನ್ನು ಉಳಿಸಿತು. ಅತ್ಯಂತ ಅಪಾಯಕರವೆಂದು ಕಂಡುಬಂದರೆ ಮಾತ್ರ, ಅದೂ ರಾಜ್ಯದ ಲಿಖಿತ ಒಪ್ಪಿಗೆ ಪಡೆದು ಮಾತ್ರ, ಅವನ್ನು ಮುಚ್ಚಬೇಕೆಂದು ವಿಧಿಸಿತು.

ಇದೇ ರಾಜ್ಯದ ಜಾನ್ಸನ್ ಕ್ರೀಕ್ ಎಂಬ ಹುಲ್ಲಿನ ಏರ್‌ಸ್ಟ್ರಿಪ್ ಈ ಹವ್ಯಾಸಿಗಳಿಗೆ ತೀರ್ಥಕ್ಷೇತ್ರವಿದ್ದಂತೆ. ಸಮುದ್ರಮಟ್ಟದಿಂದ ಸುಮಾರು 1,500 ಮೀಟರ್ ಎತ್ತರ. ಒಂದು ಕಿಲೋಮೀಟರಿಗೆ ತುಸು ಮೀರಿದ ಉದ್ದ. ಪಕ್ಕದಲ್ಲಿ ತೊರೆ, ಎರಡೂ ಕಡೆ ಪೈನ್ ಮರಗಳ ಬೆಟ್ಟ. ಬೇಸಗೆಯ ರಜೆಯಲ್ಲಿ ಅಲ್ಲಿ ಸಾಲಾಗಿ ನಿಂತ ವಿಮಾನಗಳ ರೆಕ್ಕೆಯಡಿ ಗುಡಾರಗಳು ಏಳುತ್ತವೆ. ಇಂಥ ನೆಲೆಗಳನ್ನು ಉಳಿಸಿಕೊಳ್ಳಲೆಂದೇ 2003ರಲ್ಲಿ ನೆರೆಯ ಮೊಂಟಾನಾ ರಾಜ್ಯದ ಕೆಲವು ಪೈಲಟ್‌ಗಳು ಒಂದು ಪ್ರತಿಷ್ಠಾನವನ್ನೂ ಕಟ್ಟಿಕೊಂಡರು.

ಇದರಲ್ಲಿ ನಮಗೆ ಮೆಚ್ಚುಗೆಯಾಗುವುದು ಯಂತ್ರಕ್ಕಿಂತ ಮಿಗಿಲಾಗಿ ಅದರ ಹಿಂದಿನ ಸಂಯಮ. ವಿಮಾನ ಹೊರುವ ಭಾರಕ್ಕೆ ಮಿತಿಯಿರುವುದರಿಂದ ಪ್ರತಿಯೊಂದು ಸಾಮಾನನ್ನೂ ತಕ್ಕಡಿಯಲ್ಲಿಟ್ಟು ತೂಗುತ್ತಾರೆ. ಇಳಿಯುವ ಮುನ್ನ ಒಮ್ಮೆ ಮೇಲಿನಿಂದ ಹಾದುಹೋಗಿ ನೆಲದ ಮೇಲೆ ಜಿಂಕೆಯೋ ಬಿದ್ದ ಮರವೋ ಉಂಟೇ ಎಂದು ನೋಡುತ್ತಾರೆ. ಕೆಲವು ಏರ್‌ಸ್ಟ್ರಿಪ್‌ಗಳು ಕಣಿವೆಯ ಕೊನೆಯಲ್ಲಿ ಗೋಡೆಯಂಥ ಬೆಟ್ಟಕ್ಕೆ ತಾಗಿಕೊಂಡಿರುತ್ತವೆ. ಅಲ್ಲಿ ಏರುಮುಖವಾಗಿ ಇಳಿಯಬೇಕು, ಇಳಿಜಾರಿನತ್ತ ಮುಖ ಮಾಡಿ ಏರಬೇಕು; ಇಳಿಯುವಾಗ ತಪ್ಪಿದರೆ ಮತ್ತೆ ಮೇಲೇರಿ ಸುತ್ತಿ ಬರುವ ಮಾತೇ ಇಲ್ಲ. ಬಂದವರು ತಾವು ತಂದ ಕಸವನ್ನು ತಾವೇ ಹಿಂದಕ್ಕೆ ಒಯ್ಯುತ್ತಾರೆ. ಅಲ್ಲಿ ಹೋಟೆಲ್ಲಿಲ್ಲ, ಅಂಗಡಿಯಿಲ್ಲ. ಇರಬೇಕೆಂಬ ಬೇಡಿಕೆಯೂ ಇಲ್ಲ.

ಸೆಕೆಗೂ ರೆಕ್ಕೆಗೂ ಏನು ನಂಟು?

ವಿಮಾನವನ್ನು ಎತ್ತಿ ಹಿಡಿಯುವುದು ಗಾಳಿ. ಗಾಳಿ ದಟ್ಟವಾಗಿದ್ದಷ್ಟೂ ರೆಕ್ಕೆಗೆ ಆಸರೆ ಹೆಚ್ಚು, ಎಂಜಿನ್ನಿಗೆ ಉಸಿರು ಹೆಚ್ಚು. ಎತ್ತರಕ್ಕೆ ಹೋದಂತೆ ಗಾಳಿ ತೆಳುವಾಗುತ್ತದೆಂಬುದು ಎಲ್ಲರಿಗೂ ತಿಳಿದದ್ದೇ. ಸೆಕೆ ಹೆಚ್ಚಿದಾಗಲೂ ಗಾಳಿ ತೆಳುವಾಗುತ್ತದೆ. ಘಟ್ಟದ ಮೇಲೆ 700 ಮೀಟರ್ ಎತ್ತರದಲ್ಲೊಂದು ಬಯಲಿದೆಯೆಂದೂ ಅಲ್ಲಿ ಮಧ್ಯಾಹ್ನದ ಉಷ್ಣತೆ 35 ಡಿಗ್ರಿ ಇದೆಯೆಂದೂ ಭಾವಿಸೋಣ. ಪೈಲಟ್‌ಗಳು ಕಲಿಯುವ ಲೆಕ್ಕದಂತೆ ಆ ವಿಮಾನದ ಪಾಲಿಗೆ ಆ ಸ್ಥಳ 700 ಮೀಟರ್ ಎತ್ತರದಲ್ಲಿಲ್ಲ, ಸುಮಾರು 1,600 ಮೀಟರ್ ಎತ್ತರದಲ್ಲಿದೆ! ನೆಲ ಬಿಟ್ಟು ಮೇಲೇಳಲು ಅದಕ್ಕೆ ಹೆಚ್ಚು ದೂರದ ಓಟ ಬೇಕು. ಎದ್ದ ಮೇಲೂ ಅದು ಮೆಲ್ಲನೆ ಏರುತ್ತದೆ. ಎದುರಿಗೆ ಮರಗಳಿದ್ದರೆ ಏನಾದೀತೆಂಬುದನ್ನು ವಿವರಿಸಬೇಕಾಗಿಲ್ಲ. ಐಡಹೊದ ಪೈಲಟ್‌ಗಳು ನಸುಕಿನ ತಂಪಿನಲ್ಲಿ ಹೊರಟು ಬಿಸಿಲೇರುವ ಮುನ್ನ ಹಾರಾಟ ಮುಗಿಸಲು ಬಯಸುವುದು ಇದಕ್ಕಾಗಿಯೇ.

ಬೆಟ್ಟ ಹತ್ತುವವರಿಗಾಗಿ ಸಣ್ಣ ವಿಮಾನ ಇಳಿಯುವ ಏಷ್ಯದ ಪ್ರಖ್ಯಾತ ಸ್ಥಳ ನೇಪಾಳದ ಲುಕ್ಲಾ. ಎವರೆಸ್ಟ್ ವೀರ ಎಡ್ಮಂಡ್ ಹಿಲರಿಯವರ ಮುಂದಾಳುತನದಲ್ಲಿ 1964ರಲ್ಲಿ ಅದು ನಿರ್ಮಾಣವಾಯಿತು. ಎತ್ತರ ಸುಮಾರು 2,850 ಮೀಟರ್. ರನ್‌ವೇಯ ಉದ್ದ 527 ಮೀಟರ್ ಮಾತ್ರ. ಒಂದು ತುದಿಗೆ ಬೆಟ್ಟ, ಇನ್ನೊಂದು ತುದಿಗೆ ಕಮರಿ. ಹಲವು ದಿನಗಳ ಕಾಲ್ನಡೆಯನ್ನು ಅದು ಅರ್ಧ ಗಂಟೆಯ ಹಾರಾಟಕ್ಕೆ ಇಳಿಸಿತು. ಶೆರ್ಪಾಗಳ ಊರಿಗೆ ಶಾಲೆ, ಆಸ್ಪತ್ರೆಗಳ ಸಾಮಗ್ರಿ ಸಾಗಿಸಿತು. ಅದರ ಜೊತೆಗೇ ಪ್ರವಾಸಿಗಳ ಪ್ರವಾಹ ಬಂದಿತು, ಕಸದ ರಾಶಿಯೂ ಬಂದಿತು, ಅಪಘಾತಗಳೂ ಆದವು. ಒಮ್ಮೆ ತೆರೆದ ಬಾಗಿಲಿನಿಂದ ಒಳ್ಳೆಯದು ಮಾತ್ರ ಒಳಗೆ ಬರಲೆಂದು ಹೇಳಲಾಗದು.

ಸಹ್ಯಾದ್ರಿಯಲ್ಲಿ ಒಂದು ಪ್ರಯೋಗ

ನಮ್ಮದೇ ಪಶ್ಚಿಮ ಘಟ್ಟದಲ್ಲಿ ಇಂಥ ಪ್ರಯತ್ನ ನಡೆದಿಲ್ಲವೇ ಎಂದು ಕೇಳಿದರೆ, ನಡೆದಿದೆ. ಕೇರಳದ ಇಡುಕ್ಕಿ ಜಿಲ್ಲೆಗೆ ರೈಲೂ ಇಲ್ಲ, ವಿಮಾನ ನಿಲ್ದಾಣವೂ ಇಲ್ಲ. ಅಲ್ಲಿನ ವಂಡಿಪೆರಿಯಾರಿನ ಬಳಿ ಸತ್ರಂ ಎಂಬಲ್ಲಿ ಎನ್.ಸಿ.ಸಿ. ವಿದ್ಯಾರ್ಥಿಗಳ ತರಬೇತಿಗೆಂದು 650 ಮೀಟರ್ ಉದ್ದದ ಏರ್‌ಸ್ಟ್ರಿಪ್ ಕಟ್ಟಲಾಯಿತು. ಪೆರಿಯಾರ್ ಹುಲಿ ಸಂರಕ್ಷಿತ ಅರಣ್ಯ ಸಮೀಪದಲ್ಲಿಯೇ ಇರುವುದರಿಂದ ಅರಣ್ಯ ಇಲಾಖೆಯಿಂದ ಆಕ್ಷೇಪ ಬಂದಿತು. 2022ರ ಏಪ್ರಿಲಿನಲ್ಲಿ ಪರೀಕ್ಷೆಗೆಂದು ಬಂದ ವಿಮಾನ ರನ್‌ವೇಯ ತುದಿಯ ದಿಬ್ಬದ ದೆಸೆಯಿಂದ ಇಳಿಯಲಾಗದೆ ಹಿಂದಿರುಗಿತು. ಆ ವರ್ಷದ ಮಳೆಗಾಲದಲ್ಲಿ ರನ್‌ವೇಯ ಪಕ್ಕದ ಮಣ್ಣು ಕುಸಿದು ಒಂದು ಭಾಗ ಹಾಳಾಯಿತು. ಕೊನೆಗೆ ಡಿಸೆಂಬರ್ 1ರಂದು ಎರಡು ಆಸನಗಳ ವೈರಸ್ ಎಸ್‌ಡಬ್ಲ್ಯು-80 ವಿಮಾನ ಅಲ್ಲಿ ಇಳಿಯಿತು. ದಿಬ್ಬ, ಅಡವಿ, ಮಳೆ, ಈ ಮೂರೂ ಸಹ್ಯಾದ್ರಿಯಲ್ಲಿ ವಿಮಾನ ಇಳಿಸಬಯಸುವವರನ್ನು ಹೇಗೆ ಪರೀಕ್ಷಿಸುತ್ತವೆಂಬುದು ಈ ಒಂದು ವರ್ಷದ ಕಥೆಯಿಂದಲೇ ತಿಳಿಯುತ್ತದೆ.

ಇನ್ನು ಗೋವೆಯ ಮಾತು. ಇಲ್ಲಿ ಹುಲ್ಲಿನ ಏರ್‌ಸ್ಟ್ರಿಪ್ ಮಾಡಬೇಕೆಂದರೆ ಸಮತಟ್ಟಾದ ನೆಲ ಎಲ್ಲಿದೆ? ಕೆಳಗಿನ ನೆಲವೆಲ್ಲ ಗದ್ದೆ, ಖಾಜಣ, ತೋಟ, ಊರು. 2011ರ ಜನಗಣತಿಯಂತೆ ಒಂದು ಚದರ ಕಿಲೋಮೀಟರಿಗೆ 394 ಜನ. ಮೂಡಣದ ಸತ್ತರಿ, ಸಾಂಗೆ, ಕಾಣಕೋಣಗಳಲ್ಲಿ ಕಡಿದಾದ ಬೆಟ್ಟ, ಇಕ್ಕಟ್ಟಾದ ಕಣಿವೆ. ಅಲ್ಲಿನ ಅಡವಿಯ ಬಹುಭಾಗ ಮಾದೇಯಿ, ಭಗವಾನ್ ಮಹಾವೀರ ಮುಂತಾದ ಅಭಯಾರಣ್ಯಗಳಿಗೆ ಸೇರಿದ್ದು. ಹಾಗಾಗಿ ಉಳಿಯುವುದು ಗುಡ್ಡಗಳ ನೆತ್ತಿಯ ಮೇಲಿನ ಕೆಂಪುಕಲ್ಲಿನ ಬಯಲುಗಳು. ಇವನ್ನು ಕೊಂಕಣಿಯಲ್ಲಿ ಸಡೊ ಎನ್ನುತ್ತಾರೆ. ಕಾಸರಗೋಡು, ಮಂಗಳೂರಿನ ಕಡೆಯವರು ಪದವು ಎಂದು ಕರೆಯುವುದು ಇಂಥವನ್ನೇ. ಕರಾವಳಿಯ ವಿಮಾನ ನಿಲ್ದಾಣಗಳೆಲ್ಲ ಹೆಚ್ಚಾಗಿ ಇಂಥ ಬಯಲುಗಳನ್ನೇ ಹುಡುಕಿಕೊಂಡು ಬಂದಿವೆ. 1951ರ ಡಿಸೆಂಬರ್ 25ರಂದು ಪಂಡಿತ ನೆಹರೂ ಅವರು ಡಕೋಟಾ ವಿಮಾನದಲ್ಲಿ ಬಂದಿಳಿದ ಬಜಪೆ, ಪೋರ್ಚುಗೀಸರ ದಾಬೋಳಿ, 2021ರಲ್ಲಿ ತೆರೆದ ಸಿಂಧುದುರ್ಗದ ಚಿಪಿ, 2022ರ ಡಿಸೆಂಬರಿನಲ್ಲಿ ಉದ್ಘಾಟನೆಯಾದ ಪೆಡಣೆ ತಾಲೂಕಿನ ಮೋಪಾ, ಎಲ್ಲವೂ ಹೀಗೆಯೇ. ಗುಡ್ಡದ ನೆತ್ತಿಯ ರನ್‌ವೇ ತಪ್ಪಿಗೆ ಎಡೆಗೊಡುವುದಿಲ್ಲವೆಂಬುದನ್ನು 158 ಜನರು ಬಲಿಯಾದ 2010ರ ಮೇ 22ರ ಮಂಗಳೂರಿನ ದುರಂತ ನಮಗೆಲ್ಲ ತಿಳಿಸಿದೆ.

ಬರಡೆಂದು ಕಾಣುವ ಬಯಲು

ಬೇಸಗೆಯಲ್ಲಿ ಸಡೊ ನೋಡಿದವರಿಗೆ ಅದು ಬರಡು ನೆಲವೆಂದೇ ತೋರುತ್ತದೆ. ಕಾದ ಕಲ್ಲು, ಒಣಗಿದ ಹುಲ್ಲು, ಅಲ್ಲೊಂದು ಇಲ್ಲೊಂದು ಕುರುಚಲು. ಇಲ್ಲಿ ವಿಮಾನ ಇಳಿದರೆ ಯಾರಿಗೇನು ನಷ್ಟ ಎನ್ನಿಸುತ್ತದೆ. ಆದರೆ ಜೂನ್ ತಿಂಗಳ ಮಳೆ ಬಿದ್ದ ಕೆಲವೇ ವಾರಗಳಲ್ಲಿ ಅದೇ ಕಲ್ಲಿನ ಮೇಲೆ ಸಣ್ಣ ಸಣ್ಣ ಹೂಗಳ ಹಾಸು ಹರಡುತ್ತದೆ. ಕೀಟಗಳನ್ನು ಹಿಡಿದು ಜೀರ್ಣಿಸಿಕೊಳ್ಳುವ ಪುಟ್ಟ ಗಿಡಗಳು ಅಲ್ಲಿ ಅರಳುತ್ತವೆ. ತಗ್ಗುಗಳಲ್ಲಿ ನೀರು ನಿಂತು ಕಪ್ಪೆಗಳು ಮೊಟ್ಟೆಯಿಡುತ್ತವೆ. ಅದಕ್ಕಿಂತ ಮುಖ್ಯವಾದದ್ದು ಕಣ್ಣಿಗೆ ಕಾಣದ ಕೆಲಸ. ಕೆಂಪುಕಲ್ಲು ಮೇಲೆ ಗಟ್ಟಿಯಾಗಿದ್ದರೂ ಅದರ ಒಡಲೆಲ್ಲ ರಂಧ್ರಮಯ. ನಾಲ್ಕು ತಿಂಗಳ ಮಳೆಯನ್ನು ಕುಡಿದು, ಮೆಲ್ಲಮೆಲ್ಲನೆ ಕೆಳಗಿಳಿಸಿ, ಗುಡ್ಡದ ಬುಡದಲ್ಲಿ ಒರತೆಯಾಗಿ ಹೊರಬಿಡುತ್ತದೆ. ಕುಳಾಗರವೆಂದು ಗೋವೆಯವರು ಕರೆಯುವ ಅಡಕೆ ತೆಂಗಿನ ತೋಟಗಳಿಗೆ ಬೇಸಗೆಯಲ್ಲಿ ನೀರುಣಿಸುವುದು ಇಂಥ ಒರತೆಗಳೇ. ಕಾಸರಗೋಡಿನ ಕಡೆ ಗುಡ್ಡಕ್ಕೆ ಅಡ್ಡಲಾಗಿ ಸುರಂಗ ಕೊರೆದು ನೀರು ತೆಗೆದ ಹಿರಿಯರಿಗೆ ಈ ಗುಟ್ಟು ಚೆನ್ನಾಗಿ ಗೊತ್ತಿತ್ತು.

ಮೋಪಾದ ಕಥೆ ಓದುಗರಿಗೆ ನೆನಪಿರಬಹುದು. ಬಯಲಿನ ಮರಗಳು, ಒರತೆಗಳು, ಸುತ್ತಲಿನ ಅಡವಿ ಇವುಗಳ ವಿಷಯ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. ಸಲ್ಲಿಸಿದ ಪರಿಸರ ಮಾಹಿತಿಯಲ್ಲಿ ಕೊರತೆಗಳಿವೆಯೆಂದು 2019ರ ಮಾರ್ಚಿನಲ್ಲಿ ನ್ಯಾಯಾಲಯ ಪರಿಸರ ಅನುಮತಿಯನ್ನು ತಡೆಹಿಡಿದು ಮರುಪರಿಶೀಲನೆಗೆ ಕಳುಹಿಸಿತು. 2020ರ ಜನವರಿಯಲ್ಲಿ ಇನ್ನಷ್ಟು ನಿಬಂಧನೆಗಳೊಡನೆ ತಡೆಯನ್ನು ತೆರವು ಮಾಡಿತು. ಲಕ್ಷಾಂತರ ಜನರಿಗೆ ಉಪಯೋಗವಾಗುವ ನಿಲ್ದಾಣದ ವಿಷಯದಲ್ಲಿಯೇ ಇಷ್ಟು ಜಿಜ್ಞಾಸೆ ಬೇಕಾಗಿತ್ತೆಂದ ಮೇಲೆ, ಬೆರಳೆಣಿಕೆಯ ಜನರ ವಿಹಾರಕ್ಕಾಗಿ ಇನ್ನೊಂದು ಬಯಲನ್ನು ಕೊಡಬೇಕೆಂದರೆ ಅದಕ್ಕೆ ಬೇಕಾದ ಜಿಜ್ಞಾಸೆ ಇನ್ನೂ ಹೆಚ್ಚಿನದು.

ಐಡಹೊದ ಮಾದರಿಯನ್ನು ಇಲ್ಲಿಗೆ ತರಬಯಸುವವರು ಒಂದು ಮಾತನ್ನು ಮರೆಯಬಾರದು. ಅಲ್ಲಿನ ಕಾನೂನು ಉಳಿಸಿದ್ದು ಇದ್ದ ಏರ್‌ಸ್ಟ್ರಿಪ್‌ಗಳನ್ನು. ಹೊಸತನ್ನು ಕಟ್ಟಿರೆಂದು ಅದು ಹೇಳಲಿಲ್ಲ. ಅಲ್ಲಿ ಹುಲ್ಲು ಹುಲ್ಲಾಗಿಯೇ ಉಳಿಯಿತು. ನಮ್ಮಲ್ಲಿಯಾದರೋ ವರ್ಷಕ್ಕೆ ಮೂರು ಮೀಟರಿನಷ್ಟು ಮಳೆ ಸುರಿಯುವುದರಿಂದ, ಮೇಲೆ ಹೇಳಿದ ಜುಹುವಿನ ಕೆಸರಿನಂತೆ, ಹುಲ್ಲಿನ ನೆಲ ಜೂನಿನಿಂದ ಸೆಪ್ಟೆಂಬರಿನವರೆಗೆ ನಿರುಪಯುಕ್ತ. ವರ್ಷವಿಡೀ ಬೇಕೆಂದರೆ ಡಾಂಬರು ಹಾಕಬೇಕು. ಡಾಂಬರು ಬಂದರೆ ಚರಂಡಿ, ಬೇಲಿ, ಕೂಡುರಸ್ತೆ. ರಸ್ತೆ ಬಂದರೆ ವಸತಿಗೃಹ. ದೂರದ ಏಕಾಂತವನ್ನು ಹುಡುಕಿ ಹೋದವರು ಕೊನೆಗೆ ಆ ಏಕಾಂತವನ್ನೇ ಕಳೆದುಕೊಳ್ಳುತ್ತಾರೆ. ಅಲ್ಲದೆ ದಾಬೋಳಿ ನೌಕಾಪಡೆಯ ನೆಲೆ. ಗೋವೆಯ ಆಕಾಶದಲ್ಲಿ ಮನಬಂದಂತೆ ಹಾರುವಂತಿಲ್ಲ. ಪ್ರತಿಯೊಂದು ಹಾರಾಟಕ್ಕೂ ಮುಂಚಿತವಾಗಿ ಯೋಜನೆ ಸಲ್ಲಿಸಿ ವಾಯುರಕ್ಷಣೆಯ ಒಪ್ಪಿಗೆ ಪಡೆಯಬೇಕು.

ಹಾಗಾದರೆ ದಾರಿ ಯಾವುದು?

ಹೀಗೆಂದ ಮಾತ್ರಕ್ಕೆ ಪುಟ್ಟ ವಿಮಾನ ನಮಗೆ ಬೇಡವೆಂದಾಗಲಿ, ಹಾರುವ ಆಸೆಯನ್ನು ತರುಣರು ಬಿಡಬೇಕೆಂದಾಗಲಿ ನಾವು ಹೇಳುತ್ತಿಲ್ಲ. ಗುಡ್ಡದ ನಡುವಣ ವಾಡೆಗಳಲ್ಲಿ ಮಳೆಗಾಲದ ರಾತ್ರಿ ಬಸುರಿ ಹೆಂಗಸಿಗೆ ನೋವು ಬಂದರೆ, ಹಾವು ಕಚ್ಚಿದರೆ, ಆಕಾಶಮಾರ್ಗದಿಂದ ನೆರವು ಬರುವುದು ಒಳ್ಳೆಯದೇ. ಆದರೆ ಅದಕ್ಕೆ ಬೇಕಾದದ್ದು ಹೆಲಿಕಾಪ್ಟರ್ ಇಳಿಯುವಷ್ಟು ಅಂಗಳ. ಗುಡ್ಡದ ನೆತ್ತಿಯನ್ನು ಬೋಳಿಸಿದ ರನ್‌ವೇ ಅಲ್ಲ. ಅದಕ್ಕೂ ಮೊದಲು ಬೇಕಾದದ್ದು ಕೆಡದ ರಸ್ತೆ, ಹತ್ತಿರದ ಆಸ್ಪತ್ರೆ.

ಹಾರಾಟ ಕಲಿಯಬಯಸುವವರಿಗೆ ನಮ್ಮ ನಾಡಿನಲ್ಲಿ ಹಳೆಯ ಪರಂಪರೆಯಿದೆ. ಬೆಂಗಳೂರಿನ ಜಕ್ಕೂರಿನಲ್ಲಿ ಸ್ವಾತಂತ್ರ್ಯದ ಬೆನ್ನಿಗೇ ಸರಕಾರಿ ವೈಮಾನಿಕ ತರಬೇತಿ ಶಾಲೆ ಆರಂಭವಾಯಿತು. ಬೆಂಗಳೂರಿನ ಎಚ್.ಎ.ಎಲ್. ಕಾರ್ಖಾನೆಯ ಪುಷ್ಪಕ್ ಎಂಬ ಎರಡು ಆಸನಗಳ ವಿಮಾನ 1958ರಲ್ಲಿ ಮೊದಲು ಹಾರಿ, ದೇಶದ ಹಾರಾಟ ಕ್ಲಬ್ಬುಗಳಲ್ಲಿ ಎಷ್ಟೋ ಮಂದಿಗೆ ಓನಾಮ ಕಲಿಸಿತು. ಅಲ್ಲಿಯ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ ಹಂಸ ಎಂಬ ಪುಟ್ಟ ವಿಮಾನವನ್ನು ರೂಪಿಸಿತು. ಅದರ ಹೊಸ ಮಾದರಿ 2021ರಲ್ಲಿ ಮೇಲೇರಿತು. ಹದಿನೇಳು ವರ್ಷ ತುಂಬಿ, ವೈದ್ಯಕೀಯ ಪರೀಕ್ಷೆ ಮತ್ತು ಲಿಖಿತ ಪರೀಕ್ಷೆಗಳಲ್ಲಿ ತೇರ್ಗಡೆಯಾಗಿ, ಕನಿಷ್ಠ 40 ಗಂಟೆಗಳ ಹಾರಾಟ ಪೂರೈಸಿದವರು ಖಾಸಗಿ ಪೈಲಟ್ ಪರವಾನಗಿಗೆ ಅರ್ಹರು. ಖರ್ಚು ದೊಡ್ಡದು, ಆದರೆ ಈ ವಿದ್ಯೆಯ ಬಾಗಿಲು ನಮ್ಮ ಮಕ್ಕಳಿಗೆ, ಗಂಡಾಗಲಿ ಹೆಣ್ಣಾಗಲಿ, ಮುಚ್ಚಿಲ್ಲ.

ಇಳಿಯುವುದಕ್ಕೂ ಇರುವ ನೆಲೆಗಳೇ ಸಾಕು. ಎರಡನೆಯ ಮಹಾಯುದ್ಧದ ಕಾಲದ ಸಾಂಬ್ರಾ, ಹುಬ್ಬಳ್ಳಿ, ಚಿಪಿ, ಮೋಪಾ, ಇವುಗಳ ನಡುವೆ ಸಹ್ಯಾದ್ರಿಯ ಈ ಭಾಗವೆಲ್ಲ ಅಡಗಿದೆ. 2003ರಲ್ಲಿ ಗೊರೂರಿನ ಕ್ಯಾಪ್ಟನ್ ಗೋಪಿನಾಥರು ತಮ್ಮ ಅಗ್ಗದ ವಿಮಾನ ಸೇವೆಯನ್ನು ಬೆಂಗಳೂರು ಹುಬ್ಬಳ್ಳಿಗಳ ನಡುವೆ ಆರಂಭಿಸಿ, ಸಣ್ಣ ಊರಿನ ನಿಲ್ದಾಣಕ್ಕೂ ಬೆಲೆಯಿದೆಯೆಂದು ತೋರಿಸಿಕೊಟ್ಟರು. ವಿಮಾನ ಅಲ್ಲಿಯವರೆಗೆ ಬರಲಿ. ಹುಬ್ಬಳ್ಳಿಯಲ್ಲಿ ಇಳಿದವರು ರೈಲು ಹಿಡಿದು ಲೋಂಡಾ ಮಾರ್ಗವಾಗಿ ಕ್ಯಾಸಲ್‌ರಾಕಿಗೆ ಬಂದರೆ, ಅಲ್ಲಿಂದ ಕುಳೆಯವರೆಗಿನ 26 ಕಿಲೋಮೀಟರ್ ಘಟ್ಟದ ಹಳಿ 37 ಅಡಿಗೆ ಒಂದು ಅಡಿಯಂತೆ ಇಳಿಯುತ್ತದೆ. ಕಿಟಕಿಯ ಹೊರಗೆ 310 ಮೀಟರ್ ಎತ್ತರದಿಂದ ದೂಧಸಾಗರ ಧುಮುಕುತ್ತಿರುತ್ತದೆ. ಹಳಿಯ ಮೇಲೆ ನಡೆಯುವುದು ನಿಷಿದ್ಧ ಮತ್ತು ಅಪಾಯಕರ; ಅರಣ್ಯ ಇಲಾಖೆಯ ಅನುಮತಿ ಪಡೆದು, ಸ್ಥಳೀಯ ಮಾರ್ಗದರ್ಶಕರೊಡನೆ ಕಾಡುದಾರಿಯಲ್ಲಿ ನಡೆಯುವುದೇ ಯೋಗ್ಯ. ಯೂತ್ ಹಾಸ್ಟೆಲ್ಸ್ ಅಸೋಸಿಯೇಷನ್ ಚಳಿಗಾಲದಲ್ಲಿ ಗೋವೆಯ ಅಡವಿಗಳಲ್ಲಿ ಚಾರಣ ಶಿಬಿರಗಳನ್ನು ನಡೆಸುತ್ತ ಬಂದಿದೆ. ಅಂಥ ಶಿಬಿರಗಳಲ್ಲಿ ಮಧ್ಯಮ ವರ್ಗದ ಮನೆಯ ಮಕ್ಕಳಿಗೂ ಸ್ಥಳವಿದೆ.

ಮೋಲೆಂ ಅಡವಿಯ ಬದಿಯಲ್ಲಿ ತಾಂಬ್ಡಿ ಸುರ್ಲಾ ಎಂಬ ಚಿಕ್ಕ ಊರು. ಅಲ್ಲಿ ಕದಂಬರ ಕಾಲದ ಮಹಾದೇವ ದೇವಾಲಯ. ಸುತ್ತಲಿನ ನೆಲವೆಲ್ಲ ಕೆಂಪುಕಲ್ಲಿನದಾದರೂ ಗುಡಿ ಕಟ್ಟಿದ್ದು ಕರಿಯ ಬಸಾಲ್ಟ್ ಕಲ್ಲಿನಲ್ಲಿ. ಆ ಕಲ್ಲು ಘಟ್ಟದ ಮೇಲಿನಿಂದ ಇಳಿದು ಬಂದದ್ದೆಂದು ತಿಳಿದವರು ಹೇಳುತ್ತಾರೆ. ರೆಕ್ಕೆಯೂ ಇಲ್ಲದ, ರೈಲೂ ಇಲ್ಲದ ಕಾಲದಲ್ಲಿ ನಮ್ಮ ಪೂರ್ವಿಕರು ಈ ಘಟ್ಟವನ್ನು ದಾಟುತ್ತಿದ್ದರು. ಅವರು ದಾಟಿದ ಮೇಲೂ ಅಡವಿ ಅಡವಿಯಾಗಿಯೇ ಉಳಿಯಿತು.

ಹಾರುವ ಆಸೆ ಕೆಟ್ಟದ್ದಲ್ಲ. ದೂರದ ಏಕಾಂತವನ್ನು ಬಯಸುವುದೂ ಕೆಟ್ಟದ್ದಲ್ಲ. ಎರಡಕ್ಕೂ ತಕ್ಕ ಎಲ್ಲೆ ಮಾತ್ರ ತಿಳಿದಿರಬೇಕು. ನಮ್ಮ ಸಹ್ಯಾದ್ರಿಯಲ್ಲಿ ಆ ಎಲ್ಲೆ ಅಡವಿಯ ಅಂಚು. ಅಲ್ಲಿಯವರೆಗೆ ರೆಕ್ಕೆ, ಅಲ್ಲಿಂದ ಮುಂದೆ ಕಾಲ್ನಡೆ. ಈ ರಜೆಯಲ್ಲಿ ಮಕ್ಕಳನ್ನು ಹತ್ತಿರದ ಸಡೊ ಅಥವಾ ಪದವಿನ ಮೇಲೆ ಒಮ್ಮೆ ಕರೆದೊಯ್ದು, ಅದರ ಬುಡದ ಒರತೆಯ ನೀರನ್ನು ಬೊಗಸೆಯಲ್ಲಿ ಕುಡಿಸಬೇಕೆಂದು ಓದುಗರಲ್ಲಿ ನಮ್ಮ ವಿನಂತಿ. ಬರಡೆಂದು ಕಾಣುವ ಆ ಕಲ್ಲಿಗೆ ಬೆಲೆ ಕಟ್ಟುವುದನ್ನು ಅವರು ಅಲ್ಲಿಂದಲೇ ಕಲಿಯಲಿ.